ಬಂದೂಕಿನ ಜೊತೆಗೊಂದು ಕಾಗದ

ಹಳ್ಳಿಯ ಮನೆಗಳಲ್ಲಿ ಕಬ್ಬಿಣದ ಟ್ರಂಕು ಎಂದರೆ ಅದೊಂದು ಪುಟ್ಟ ಕಚೇರಿಯೇ ಸರಿ. ಹೊಲದ ಉತಾರ, ಸೊಸೈಟಿ ಸಾಲದ ಪಾಸ್‌ಬುಕ್ಕು, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲವೂ ಅದರೊಳಗೇ. ಇವು ಮನೆ ಬಿಟ್ಟು ಹೊರಡುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ. ಆದರೆ ಟ್ರಂಕಿನಲ್ಲೇ ಕೂರಲು ಒಪ್ಪದ ಕಾಗದವೊಂದಿದೆ. ಅದು ಬಂದೂಕಿನ ಲೈಸೆನ್ಸು. ಬಂದೂಕು ಎಲ್ಲಿಗೆ ಹೋದರೆ ಅದೂ ಅಲ್ಲಿಗೆ ಹೋಗಬೇಕು.

ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಕುಪ್ಪೇಲೂರಿನಂಥ ಊರುಗಳಲ್ಲಿ ಗೋವಿನಜೋಳ ತೆನೆಗಟ್ಟಿತೆಂದರೆ ರೈತರಿಗೆ ನಿದ್ದೆ ಕಡಿಮೆ. ಒಂದು ರಾತ್ರಿ ಹಂದಿಯ ಹಿಂಡು ನುಗ್ಗಿದರೆ ಆರು ತಿಂಗಳ ಬೆವರು ನೆಲಸಮ. ಹೀಗಾಗಿ ಕೆಲವು ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಹಳೆಯ ಬಂದೂಕು ಇರುವುದುಂಟು. ನಳಿಗೆಯ ಬಾಯಿಯಿಂದಲೇ ಮದ್ದು ತುಂಬುವ ಬಗೆಯದು. ಅಂಥ ಒಂದು ಮನೆಯ ಹಿರಿಯರು ರಾತ್ರಿ ಹೊಲಕ್ಕೆ ಹೊರಡುವಾಗ ಬ್ಯಾಟರಿಗಿಂತ ಮೊದಲು ಹುಡುಕುವುದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಲೈಸೆನ್ಸ್ ಪುಸ್ತಕವನ್ನು. ಹೈಸ್ಕೂಲಿಗೆ ಹೋಗುವ ಮೊಮ್ಮಗಳಿಗೆ ಇದೊಂದು ತಮಾಷೆ.

"ಅಜ್ಜಾ, ನಮ್ಮ ಹೊಲಕ್ಕ ನಾವು ಹೋಗಾಕ ಕಾಗದ ಯಾಕ ಬೇಕ?"

"ನಾ ಯಾರದೈತಿ ಅಂತ ಬಂದೂಕ ಬಾಯಿಬಿಟ್ಟು ಹೇಳತೈತೇನವ್ವಾ? ಕಾಗದ ಹೇಳತೈತಿ."

ಹಿರಿಯರ ಮಾತಿನಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ತಿರುಳೇ ಅಡಗಿದೆ. ಆಯುಧ ಹಿಡಿದು ಹೋಗುವವರನ್ನು ತಡೆದು ಲೈಸೆನ್ಸ್ ತೋರಿಸಿ ಎಂದು ಕೇಳುವ ಅಧಿಕಾರ ಈ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗಿದೆ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಬಹುದು. ಆಯುಧವನ್ನು ವಶಕ್ಕೆ ಪಡೆಯಬಹುದು. ಲೈಸೆನ್ಸೇ ಇಲ್ಲದೆ ಬಂದೂಕು ಇಟ್ಟುಕೊಂಡರಂತೂ ಜೈಲುಶಿಕ್ಷೆ ತಪ್ಪದು. ಆ ಶಿಕ್ಷೆಯನ್ನು 2019ರ ತಿದ್ದುಪಡಿ ಇನ್ನಷ್ಟು ಬಿಗಿಗೊಳಿಸಿದೆ.

ಹಾಗಾದರೆ ಆ ಪುಸ್ತಕದಲ್ಲಿ ಏನಿರುತ್ತದೆ? ಹೊಂದಿದವರ ಹೆಸರು, ಭಾವಚಿತ್ರ, ಬಂದೂಕಿನ ಜಾತಿ, ಅದರ ಮೇಲೆ ಒತ್ತಿದ ನಂಬರು, ಅವಧಿ ಮುಗಿಯುವ ದಿನ. ಜಿಲ್ಲೆ, ರಾಜ್ಯ, ಇಡೀ ದೇಶ – ಇವುಗಳಲ್ಲಿ ಎಲ್ಲಿಯವರೆಗೆ ಅದು ಊರ್ಜಿತ ಎಂಬುದೂ ಇರುತ್ತದೆ. ತೋಟಾಗಳು ಎಷ್ಟಿರಬಹುದು ಎಂಬ ಮಿತಿಯೂ ಉಂಟು. ಅಂದರೆ ಬಂದೂಕಿಗೆ ಕಾಗದವಿದ್ದರೆ ಸಾಲದು, ಅದರ ಹೊಟ್ಟೆಗೆ ಹೋಗುವ ಆಹಾರಕ್ಕೂ ಲೆಕ್ಕ ಬೇಕು. ಲೈಸೆನ್ಸಿನ ಅವಧಿ ಮೊದಲು ಮೂರು ವರ್ಷವಿತ್ತು. 2019ರ ತಿದ್ದುಪಡಿಯ ನಂತರ ಐದು ವರ್ಷವಾಗಿದೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಹಳೆಯ ಕಾಗದಗಳಲ್ಲಿ ಧಾರವಾಡ ಜಿಲ್ಲೆಯ ಮೊಹರೇ ಇರುತ್ತದೆ. ಜಿಲ್ಲೆ ಒಡೆದರೂ ಬಂದೂಕಿನ ನಂಬರು ಮಾತ್ರ ಬದಲಾಗುವುದಿಲ್ಲ.

ಈ ನಂಬರಿನ ಹಿಂದೆ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಯೊಂದಿದೆ. ಕದ್ದ ಬಂದೂಕಿನ ನಂಬರನ್ನು ಅರದಿಂದ ಉಜ್ಜಿ ಅಳಿಸುವವರುಂಟು. ಕಣ್ಣಿಗೆ ನುಣುಪಾದ ಕಬ್ಬಿಣವಷ್ಟೇ ಕಾಣುತ್ತದೆ. ಆದರೆ ನಂಬರನ್ನು ಅಚ್ಚಿನಿಂದ ಬಲವಾಗಿ ಒತ್ತಿದಾಗ ಅಂಕಿಯ ಕೆಳಗಿನ ಲೋಹದ ಹರಳುಗಳೂ ಒತ್ತಡಕ್ಕೆ ಸಿಕ್ಕಿ ವಿಕಾರಗೊಂಡಿರುತ್ತವೆ. ನ್ಯಾಯವಿಜ್ಞಾನ ಪ್ರಯೋಗಾಲಯದಲ್ಲಿ ಆ ಜಾಗಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ತಾಮ್ರದ ಕ್ಲೋರೈಡ್ ಬೆರೆತ ದ್ರಾವಣವನ್ನು ಸವರುತ್ತಾರೆ. ಒತ್ತಡ ಉಂಡ ಲೋಹ ಸುತ್ತಲಿನ ಲೋಹಕ್ಕಿಂತ ಬೇರೆ ವೇಗದಲ್ಲಿ ಕರಗುತ್ತದೆ. ಅಳಿಸಿಹೋದ ಅಂಕಿ ಮೆಲ್ಲನೆ ಮತ್ತೆ ಮೂಡುತ್ತದೆ. ತೀರಾ ಆಳದವರೆಗೆ ಉಜ್ಜಿರದಿದ್ದರೆ ಕಬ್ಬಿಣ ತನ್ನ ಹೆಸರನ್ನು ಸುಲಭವಾಗಿ ಮರೆಯುವುದಿಲ್ಲ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲದಕ್ಕೂ ಗುಂಡು ಹಾರಿಸಬಹುದೆಂದು ತಿಳಿದವರಿದ್ದಾರೆ. ಅದು ತಪ್ಪು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ಅಲ್ಲಿನ ಚಿಗರಿಗಳಿಗೆ ಗಡಿ ತಿಳಿಯದು. ಹೊಲದ ಎಳೆ ಪೈರಿಗೂ ಬಾಯಿ ಹಾಕುತ್ತವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗದ ಹೆಸರಿದೆ. ಬೆಳೆ ರಕ್ಷಣೆಯ ಕಾಗದ ಬೇಟೆಯ ಕಾಗದವಲ್ಲ. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ, ಕಿಸೆಯಲ್ಲಿ ಲೈಸೆನ್ಸ್ ಇದ್ದರೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಆಯುಧಕ್ಕೆ ಕಾಗದ ಕೇಳುವ ಪದ್ಧತಿಯ ಚರಿತ್ರೆ ಮಾತ್ರ ಅಷ್ಟು ಸೌಮ್ಯವಾದುದಲ್ಲ. ಹಲಗಲಿ ಬೇಡರ ಲಾವಣಿಯನ್ನು ಓದಿದ ಮಕ್ಕಳಿಗೆ ಇದು ಗೊತ್ತು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಅಪ್ಪಣೆಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದೆಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬದುಕು, ಮಾನ ಎರಡೂ. ಅವರು ಕೊಡಲೊಪ್ಪಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ದಂಡು ಊರಿಗೆ ನುಗ್ಗಿತು, ಮನೆಗಳು ಉರಿದವು, ಸೆರೆಸಿಕ್ಕ ಹಲವರು ಗಲ್ಲಿಗೇರಿದರು. ಅಂದಿನ ಕಾಗದ ಜನರನ್ನು ಕೇಳಿ ಬಂದದ್ದಲ್ಲ. ಆಳುವವರ ಅಂಜಿಕೆಯಿಂದ ಹುಟ್ಟಿದ್ದು. ಇಂದಿನ ಕಾಯ್ದೆ ಸ್ವತಂತ್ರ ದೇಶದ ಸಂಸತ್ತು ಮಾಡಿದ್ದು. ಅದು ಕೇಳುವುದು ಆಯುಧದ ಹೊಣೆ ಯಾರದೆಂಬುದನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇದಕ್ಕೆ ಕರ್ನಾಟಕದಲ್ಲೇ ಒಂದು ವಿನಾಯಿತಿಯೂ ಇದೆ. ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬದಂದು ಕೋವಿಗೆ ಪೂಜೆ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದು 1861ರಲ್ಲಿ, ಮಾರ್ಕ್ ಕಬ್ಬನ್ ಕಾಲದಲ್ಲಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೂ ಅವರ ಮನೆಗಳಲ್ಲಿ ಒಂದು ಕಾಗದ ಇದ್ದೇ ಇರುತ್ತದೆ: ವಿನಾಯಿತಿ ಪ್ರಮಾಣಪತ್ರ. ಲೈಸೆನ್ಸ್ ಬೇಡವೆಂದು ಹೇಳುವುದಕ್ಕೂ ಕಾಗದವೇ ಬೇಕು!

ಇಷ್ಟೆಲ್ಲ ತಿಳಿದ ಮನೆಗಳೂ ಎಡವುವ ಜಾಗವೊಂದಿದೆ. ಅದು ಯಜಮಾನರು ತೀರಿಕೊಂಡಾಗ. ತಿಥಿ ಮುಗಿಯುತ್ತದೆ, ಹೊಲಕ್ಕೆ ವಾರಸಾ ಮಾಡಿಸುತ್ತಾರೆ, ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಡುತ್ತಾರೆ. ಬಂದೂಕು ಮಾತ್ರ ಗೋಡೆಯ ಮೂಲೆಯಲ್ಲೋ ಅಟ್ಟದ ಮೇಲೋ ಇದ್ದಲ್ಲೇ ಇರುತ್ತದೆ. 'ಅಪ್ಪನ ಬಂದೂಕು, ಅಪ್ಪನ ಲೈಸೆನ್ಸು ಎರಡೂ ಇವೆಯಲ್ಲ' ಎಂಬ ಧೈರ್ಯ. ಆದರೆ ಲೈಸೆನ್ಸು ವ್ಯಕ್ತಿಯದು, ಮನೆಯದಲ್ಲ. ಹೊಂದಿದವರ ಉಸಿರು ನಿಂತಮೇಲೆ ಆ ಕಾಗದ ಬೇರೆ ಯಾರನ್ನೂ ಕಾಯದು. ಏನೂ ಅರಿಯದ ಮಗ, ಏನೂ ಮಾಡದೆಯೇ ಕಾನೂನಿನ ಕಣ್ಣಿಗೆ ಅಪರಾಧಿಯಾಗಿಬಿಡುತ್ತಾನೆ.

ಪರಿಹಾರ ಕಠಿಣವೇನಲ್ಲ. ತಡಮಾಡದೆ ಬಂದೂಕನ್ನೂ ತೋಟಾಗಳನ್ನೂ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಜಮೆ ಮಾಡಿ ರಸೀದಿ ಪಡೆಯಬೇಕು. ಬಂದೂಕು ಬೇಕೆಂದರೆ ವಾರಸುದಾರರು ತಮ್ಮ ಹೆಸರಿನಲ್ಲಿ ಜಿಲ್ಲಾಧಿಕಾರಿಗಳಿಗೆ ಹೊಸ ಅರ್ಜಿ ಹಾಕಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಇನ್ನೊಂದು ದಾರಿಯನ್ನೂ ತೋರಿಸಿವೆ. ಹಿರಿಯರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಬಂದೂಕು ಹೊಂದಿ 25 ವರ್ಷವಾಗಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರಿಗೆ ಲೈಸೆನ್ಸ್ ಕೋರಬಹುದು. ಚುನಾವಣೆಯ ಕಾಲದಲ್ಲಿ ಆದೇಶ ಬಂದಾಗ ಠಾಣೆಯಲ್ಲಿಟ್ಟ ಬಂದೂಕಿಗೂ ರಸೀದಿ ಬೇಕೇ ಬೇಕು. ಅದನ್ನು ಲೈಸೆನ್ಸಿನ ಜೊತೆಗೇ ಕಾಪಾಡಬೇಕು.

ಅರ್ಜಿ ಹಾಕಿದ ಮೇಲೂ ಪೊಲೀಸ್ ತನಿಖೆ, ವಿಚಾರಣೆ ಎಲ್ಲ ಹೊಸದಾಗಿಯೇ ನಡೆಯುತ್ತವೆ. 21 ವರ್ಷ ತುಂಬದವರಿಗೆ ಲೈಸೆನ್ಸೇ ಇಲ್ಲ. 'ಅಪ್ಪನಿಗೆ ಕೊಟ್ಟಿದ್ದಿರಿ, ನನಗೇಕಿಲ್ಲ' ಎಂದು ಕೇಳುವಂತಿಲ್ಲ. ಹೊಲ, ಮನೆ, ಬಂಗಾರ ತಂದೆಯಿಂದ ಮಕ್ಕಳಿಗೆ ಬರುತ್ತವೆ. ಆದರೆ ಆಯುಧವನ್ನು ಒಪ್ಪಿಸುವಷ್ಟು ನಂಬಿಕೆ ಆಸ್ತಿಯ ಪಾಲಿನಲ್ಲಿ ಬರುವುದಿಲ್ಲ. ಅದನ್ನು ಪ್ರತಿ ತಲೆಮಾರೂ ತಾನೇ ಗಳಿಸಬೇಕು. ಮುಂದಿನ ಸಲ ಟ್ರಂಕು ತೆರೆದಾಗ ಓದುಬರಹ ಬಲ್ಲ ಮಕ್ಕಳು ಆ ಪುಸ್ತಕದ ಅವಧಿ ಮುಗಿಯುವ ತಾರೀಖನ್ನೊಮ್ಮೆ ಗಟ್ಟಿಯಾಗಿ ಓದಿ ಹೇಳಲಿ. ಮನೆಯ ಹಿರಿಯರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.