ಬೆಳ್ಳಂದೂರಿನ ತೋಟವೂ ತೋಟಾವೂ

ಕಳೆದ ಮಾರ್ಗಶಿರ ಮಾಸದಲ್ಲಿ ನಮಗೆ ಬೆಳ್ಳಂದೂರಿಗೆ ಹೋಗಿಬರುವ ಪ್ರಸಂಗವೊದಗಿತು. ನಾವು ಉಪಾಧ್ಯಾಯವೃತ್ತಿಯನ್ನು ಮೊದಲು ಕೈಕೊಂಡುದು ಆ ಸೀಮೆಯ ಒಂದು ಶಾಲೆಯಲ್ಲಿ. ಅಂದಿನ ವಿದ್ಯಾರ್ಥಿಯೊಬ್ಬರು ತಮ್ಮ ಹಿರಿಯರ ಹೆಂಚಿನ ಮನೆಯನ್ನು ಕೆಡಹಿ ಹೊಸದನ್ನು ಕಟ್ಟಿಸುವವರಾಗಿದ್ದು, ಕೆಡಹುವುದಕ್ಕೆ ಮೊದಲು ಒಮ್ಮೆ ಬಂದು ಹೋಗಬೇಕೆಂದು ನಮ್ಮನ್ನು ಕರೆದಿದ್ದರು.

ಮೂವತ್ತೈದು ವರ್ಷಗಳ ಹಿಂದೆ ನಾವು ಕಂಡ ಬೆಳ್ಳಂದೂರು ರಾಗಿಯ ಹೊಲ, ತೆಂಗಿನ ತೋಪು, ಸೀಬೆಯ ತೋಟಗಳ ಊರು. ಈಗ ಹೊರವರ್ತುಲ ರಸ್ತೆಯ ಇಕ್ಕೆಲದಲ್ಲಿಯೂ ಗಾಜಿನ ಕಟ್ಟಡಗಳು ನಿಂತಿವೆ. ನಡುವೆ ಮೆಟ್ರೋ ರೈಲಿನ ಕಂಬಗಳು ಸಾಲುಗಟ್ಟಿವೆ. ಇಬ್ಬಲೂರಿನಿಂದ ಊರೊಳಗೆ ಹೋಗುವಷ್ಟರಲ್ಲಿ ನಮ್ಮ ಬಾಡಿಗೆಯ ಬಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಹಿಂದೆ ಅಷ್ಟು ದೂರವನ್ನು ನಾವು ಅದಕ್ಕಿಂತ ಬೇಗನೆ ನಡೆದು ಮುಗಿಸುತ್ತಿದ್ದೆವು.

ಊರಿಗೆ ಹೆಸರು ತಂದಿತ್ತ ಕೆರೆಯ ಮಾತನ್ನು ಹೇಳದಿರಲಾಗದು. ಸುಮಾರು 900 ಎಕರೆಯ ಈ ಜಲಾಶಯವು ಬೆಂಗಳೂರಿನ ಕೆರೆಗಳಲ್ಲೆಲ್ಲ ದೊಡ್ಡದು. ಇದರ ನೀರು ವರ್ತೂರು ಕೆರೆಗಿಳಿದು ಅಲ್ಲಿಂದ ದಕ್ಷಿಣ ಪಿನಾಕಿನಿಯನ್ನು ಸೇರುವುದು. ನಗರದ ಕೊಳಚೆಯು ಇಲ್ಲಿಗೆ ಹರಿದುದರಿಂದ 2015ರಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಹತ್ತಿತು. 2018ರ ಜನವರಿಯಲ್ಲಿ ಒಣಗಿದ ಜೊಂಡು ಉರಿದಾಗ ಸೈನಿಕರು ಬಂದು ಆರಿಸಬೇಕಾಯಿತು. ಸಮುದ್ರದೊಳಗಣ ಬಡಬಾಗ್ನಿಯ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ ನಾವು, ನೀರು ಉರಿಯುವುದನ್ನು ಕಣ್ಣಾರೆ ಕಂಡವರ ಊರಿಗೆ ಬಂದಿದ್ದೆವು. ಮನೆಯ ಹಿರಿಯಮ್ಮನವರು, “ಅಂಗಳಕ್ಕೆಲ್ಲ ಬೂದಿ ಬಿತ್ತು ಸ್ವಾಮಿ, ಅಂದಿನಿಂದ ಬೆಂಕಿಯೆಂದರೆ ನನಗೆ ಎದೆನಡುಕ” ಎಂದರು.

ಊಟವಾದ ಮೇಲೆ ಅಟ್ಟದ ಸಾಮಾನುಗಳನ್ನು ಇಳಿಸತೊಡಗಿದರು. ಹಳೆಯ ಕೊಳಗ, ಮುರಿದ ಕೂರಿಗೆ, ತಾಮ್ರದ ಹಂಡೆ ಇವುಗಳ ಹಿಂದೆ ಹಲಸಿನ ಮರದ ಒಂದು ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಹಿತ್ತಾಳೆಯ ಬರಿಯ ತೋಟಾಗಳು ಒಂದೂವರೆ ಡಜನ್, ಹಿಡಿಯುಳ್ಳ ಅಳತೆಯ ಚಮಚ, ಮರದ ಗೂಟ, ಉಣ್ಣೆಯ ಬಿಲ್ಲೆಗಳು, ಸೀಸದ ಚರೆ, ಜೊತೆಗೆ ಮುಚ್ಚಳ ತುಕ್ಕುಹಿಡಿದ ಒಂದು ತಗಡಿನ ಡಬ್ಬಿ. ಮನೆಯ ಯಜಮಾನರಾಗಿದ್ದ ಹಿರಿಯರು ಸೀಬೆಯ ತೋಟದ ಕಾವಲಿಗೆ ಹನ್ನೆರಡು ಬೋರಿನ ಕೋವಿಯೊಂದನ್ನು ರಹದಾರಿ ಪಡೆದು ಇಟ್ಟಿದ್ದರು. ಅವರು ಕಾಲವಾದ ಮೇಲೆ ಕೋವಿಯು ಠಾಣೆಯನ್ನು ಸೇರಿತು; ತೋಟವು ಮಹಡಿಮನೆಗಳಾಯಿತು; ತೋಟಾದ ಪೆಟ್ಟಿಗೆಯನ್ನು ಮಾತ್ರ ಎಲ್ಲರೂ ಮರೆತಿದ್ದರು.

ಹಿರಿಯಮ್ಮನವರ ತಮ್ಮನ ಮಗನೊಬ್ಬರು ಅಮೆರಿಕದಿಂದ ಬಂದಿದ್ದರು. ಅವರು ಪೆಟ್ಟಿಗೆಯನ್ನು ನೋಡಿದೊಡನೆಯೇ, “ಡಬ್ಬಿಯನ್ನು ಯಾರೂ ಮುಟ್ಟಬೇಡಿ, ತೆರೆಯಲೂ ಬೇಡಿ” ಎಂದು ಕೂಗಿದರು. ಹಳೆಯ ಮದ್ದು ಯಾವ ಜಾತಿಯದೆಂದು ನೋಟದಿಂದ ತಿಳಿಯಲಾಗದು. ಒಂದು ಕಿಡಿ ಸಾಕು, ಕೆಲವೊಮ್ಮೆ ತಿಕ್ಕಾಟವೇ ಸಾಕು. ಅವರಿಗೆ ಈ ವಿಷಯವು ತಿಳಿದಿದ್ದುದು ಹೇಗೆಂದರೆ, ರೈಫಲಿನ ತೋಟಾಗಳನ್ನು ಮನೆಯಲ್ಲಿ ಮರಳಿ ತುಂಬುವುದೇ ಅಲ್ಲಿ ಅವರ ವಿನೋದ. ಆ ದೇಶದಲ್ಲಿ ಸ್ವಂತದ ಉಪಯೋಗಕ್ಕಾಗಿ, ಮಾರಾಟಕ್ಕಲ್ಲದೆ, ಹೀಗೆ ತುಂಬಿಕೊಳ್ಳುವುದಕ್ಕೆ ಕೇಂದ್ರ ಸರ್ಕಾರದ ರಹದಾರಿ ಬೇಕಿಲ್ಲ.

ನಮಗೆ ಇದು ಹೊಸ ವಿದ್ಯೆ, ಕೇಳಿದೆವು. ಅವರು ಜಗಲಿಯ ಮೇಲೆ ಕುಳಿತು ಸಾವಧಾನವಾಗಿ ವಿವರಿಸಿದರು. ತೋಟಾಕ್ಕೆ ಅಂಗಗಳು ನಾಲ್ಕು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಮದ್ದು, ತುದಿಯಲ್ಲಿ ಗುಂಡು. ಹಾರಿಸಿದ ಮೇಲೆ ಮಿಕ್ಕ ಮೂರೂ ಹೋಗಿ ಕೋಶವೊಂದು ಉಳಿಯುವುದು. ಅದು ಬಿಸಿ ಅನಿಲದ ಒತ್ತಡದಿಂದ ಹಿಗ್ಗಿರುವುದರಿಂದ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರಬೇಕು, ಬಿರುಕಿದ್ದರೆ ಎಸೆಯಬೇಕು. ಹಳೆಯ ಕೇಪನ್ನು ತಳ್ಳಿ ಹೊಸದನ್ನು ಕೂರಿಸಿ, ಮದ್ದನ್ನು ತೂಗಿ ಹಾಕಿ, ಗುಂಡನ್ನು ಒತ್ತಿ ನಿಲ್ಲಿಸುವುದು. ತೂಕವಾದರೋ ಗ್ರೇನುಗಳಲ್ಲಿ, ಒಂದು ಪೌಂಡಿಗೆ 7000 ಗ್ರೇನು. ಮದ್ದು ಮಾಡುವವರೇ ಪರೀಕ್ಷಿಸಿ ಅಚ್ಚುಹಾಕಿಸಿದ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಹಾಕಬಾರದು. ಅದರಲ್ಲಿಯೂ ಅತಿ ಕಡಿಮೆಯ ಅಳತೆಯಿಂದಲೇ ಆರಂಭಿಸಬೇಕು.

“ಅಷ್ಟು ಶ್ರಮವೇಕೆ? ಅಂಗಡಿಯಲ್ಲಿ ಸಿಕ್ಕುವುದಿಲ್ಲವೆ?” ಎಂದೆವು. ಖರ್ಚಿನಲ್ಲಿ ಉಳಿತಾಯವೊಂದು, ತನ್ನ ರೈಫಲಿಗೆ ಒಪ್ಪುವ ತೋಟಾವನ್ನು ತಾನೇ ಹದಮಾಡಿದರೆ ಗುರಿ ನೆಟ್ಟಗಾಗುವುದೆಂಬುದು ಇನ್ನೊಂದು. “ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಒಂದೆಡೆ ನಿಲ್ಲುವುದು, ಮೇಷ್ಟ್ರೇ” ಎಂದರು. ಮೇಜಿನ ಮೇಲೆ ಒಂದೇ ಬಗೆಯ ಮದ್ದು, ಕಣ್ಣಿಗೆ ಕನ್ನಡಕ, ಹತ್ತಿರದಲ್ಲಿ ದೀಪದ ಜ್ವಾಲೆಯಾಗಲಿ ಹೊಗೆಬತ್ತಿಯಾಗಲಿ ಇರಕೂಡದು, ಯಾರೊಡನೆಯೂ ಮಾತಿಲ್ಲ. ಒಂದು ಕೋಶಕ್ಕೆ ಮರೆತು ಎರಡು ಸಲ ಮದ್ದು ಬಿದ್ದರೆ ಕೋವಿಯೇ ಸಿಡಿದು ಹಾರಿಸುವವನ ಮುಖಕ್ಕೆ ಬಂದೀತು. ಅದಕ್ಕಾಗಿ ಗುಂಡನ್ನು ಕೂರಿಸುವ ಮುನ್ನ ಪ್ರತಿಯೊಂದು ಕೋಶದೊಳಕ್ಕೂ ದೀಪ ಬಿಟ್ಟು ನೋಡುವರಂತೆ. ಹಳೆಯ ಕಾಲದ ಕರಿಮದ್ದಿನ ಕೋವಿಗೆ ಈಗಿನ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ಹಾಕಿ ಕೈಕಳೆದುಕೊಂಡವರೂ ಉಂಟಂತೆ.

ಮನೆಯ ಮಗನು ಇಪ್ಪತ್ತೊಂದರ ತರುಣ. ಇದನ್ನೆಲ್ಲ ಕೇಳಿ ಅವನ ಕಣ್ಣು ಅರಳಿತು. ಪೆಟ್ಟಿಗೆಯನ್ನು ಇಟ್ಟುಕೊಳ್ಳೋಣ, ಮಾವನಿಂದ ಕಲಿಯೋಣ, ಮನೆಯೊಳಗೆ ಮಾಡಿದರೆ ಯಾರಿಗೆ ತಿಳಿದೀತು, ಎಂದನು. ಈ ಊರೇನು ಮದ್ದಿಗೆ ಹೊಸತೆ? ಟಿಪ್ಪುವಿನ ರಾಕೆಟ್ಟುಗಳು ನಮ್ಮವೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ದೊರಕಿದುವು. 1912ರಲ್ಲಿ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಇಲ್ಲಿಯೇ ರೂಪಿಸಿದ ಸಿಡಿಕೊಳವೆಗೆ ಲೋಕದ ಸೈನ್ಯಗಳೆಲ್ಲ ‘ಬೆಂಗಳೂರು ಟಾರ್ಪಿಡೊ’ ಎಂದೇ ಹೆಸರಿಟ್ಟಿವೆ. ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಮನೆಮನೆಯಲ್ಲಿಯೂ ಕೋವಿಗೆ ಪೂಜೆ ನಡೆಯುವುದಿಲ್ಲವೆ? ಎಂದು ಹುಡುಗನು ವಾದಿಸಿದನು.

ನಾವು ತಿಳಿದಷ್ಟನ್ನು ಹೇಳಿದೆವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ರಹದಾರಿಯಿಂದ ಇರುವ ವಿನಾಯಿತಿಯು ಸರ್ಕಾರವು ಬರೆದುಕೊಟ್ಟುದು, 2029ರವರೆಗೆ ಅವಧಿಯುಳ್ಳುದು. ಅದು ನಮಗೆ ಸಲ್ಲದು. 1959ರ ಆಯುಧಗಳ ಅಧಿನಿಯಮದಲ್ಲಿ ಮದ್ದುಗುಂಡೆಂಬ ಶಬ್ದಕ್ಕೆ ಕೊಟ್ಟಿರುವ ಅರ್ಥವೇ ವಿಶಾಲವಾದುದು: ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಅದರಲ್ಲಿಯೇ ಸೇರುತ್ತವೆ. ಮೂರನೆಯ ಪ್ರಕರಣದಂತೆ ಇಟ್ಟುಕೊಳ್ಳುವುದಕ್ಕೂ, ಐದನೆಯ ಪ್ರಕರಣದಂತೆ ತಯಾರಿಸುವುದಕ್ಕೂ ಅಪ್ಪಣೆ ಬೇಕು. ಹಕ್ಕು ತೀರಿದ ಮೇಲೆ ತಡಮಾಡದೆ ಠಾಣೆಗೆ ಒಪ್ಪಿಸಬೇಕೆಂದು ಇಪ್ಪತ್ತೊಂದನೆಯದು ಹೇಳುವುದು. ಅಜ್ಜನು ಮಾಡುತ್ತಿದ್ದನೆಂಬ ಮಾತು ನ್ಯಾಯಾಲಯದಲ್ಲಿ ನಿಲ್ಲದು.

ಹುಡುಗನು ಒಪ್ಪಿದಂತೆ ಕಾಣಲಿಲ್ಲ. ಆಗ ಅವನ ತಂದೆ, ನಮ್ಮ ವಿದ್ಯಾರ್ಥಿ, ಏನೂ ಹೇಳದೆ ಎಡಗೈಯನ್ನು ಚಾಚಿ ತೋರಿಸಿದರು. ಅಂಗೈಯ ಚರ್ಮವು ಮಡಿಚಿಕೊಂಡು ಹೊಳೆಯುತ್ತಿತ್ತು. “ಇದು ಈ ಪೆಟ್ಟಿಗೆಯದೇ” ಎಂದು, ನಮ್ಮ ಕಡೆ ನೋಡಿ ತಡೆದರು.

ನಾವೇ ಒತ್ತಾಯ ಮಾಡಿದ ಮೇಲೆ ಹೇಳಿದರು. 1989ರ ಸುಮಾರಿಗೆ ಒಂದು ದಿನ ನಾವು ತರಗತಿಯಲ್ಲಿ ಶುಕ್ರನೀತಿಯ ಮಾತನ್ನೆತ್ತಿ, ಅದರಲ್ಲಿ ನಾಲಿಕವೆಂಬ ಕೋವಿಯೂ ಅಗ್ನಿಚೂರ್ಣವೆಂಬ ಮದ್ದೂ ವರ್ಣಿತವಾಗಿವೆಯೆಂದೂ, ನಮ್ಮ ಪೂರ್ವಿಕರು ಅರಿಯದುದು ಯಾವುದೂ ಇಲ್ಲವೆಂದೂ ಹೆಮ್ಮೆಯಿಂದ ಹೇಳಿದ್ದೆವಂತೆ. ಹೇಳಿದ್ದೆವು, ನೆನಪಾಯಿತು. ಆ ಭಾಗವು ಬಹಳ ಈಚಿನದೆಂದು ಅನೇಕ ವಿದ್ವಾಂಸರು ಎಣಿಸುವರೆಂಬುದನ್ನು ಆಗ ನಾವು ಓದಿರಲಿಲ್ಲ. ಮದ್ದನ್ನು ಮುಟ್ಟಬೇಡಿರೆಂಬ ಒಂದು ಮಾತನ್ನು ಸೇರಿಸುವ ವಿವೇಕವೂ ನಮಗಿರಲಿಲ್ಲ. ಹದಿಮೂರರ ಬಾಲಕನು ಸಂಜೆ ಮನೆಗೆ ಬಂದು, ಅಗ್ನಿಚೂರ್ಣವನ್ನು ನೋಡಬೇಕೆಂದು ತಂದೆಯ ಪೆಟ್ಟಿಗೆಯಿಂದ ಒಂದು ಚಮಚ ತೆಗೆದು ಕಡ್ಡಿ ಗೀರಿದನು. ಹಿರಿಯರು ಅಂದೇ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದರು. ಮತ್ತೆಂದೂ ತೋಟಾ ತುಂಬಲಿಲ್ಲ. ಕೈ ಸುಟ್ಟುದು ಒಲೆಯಿಂದ ಎಂದು ಶಾಲೆಗೆ ಹೇಳಿಕಳುಹಿಸಿದ್ದರು. “ಮೇಷ್ಟ್ರ ಹೆಸರು ಬಂದರೆ ಅವರಿಗೆ ತೊಂದರೆಯಾದೀತೆಂದು ಅಪ್ಪ ಯಾರಿಗೂ ಹೇಳಬೇಡವೆಂದರು.”

ನಮಗೆ ಉತ್ತರ ಹೊಳೆಯಲಿಲ್ಲ. ಮಹಾಭಾರತದಲ್ಲಿ ಅಶ್ವತ್ಥಾಮನು ಅಸ್ತ್ರವನ್ನು ಬಿಡಬಲ್ಲವನಾಗಿದ್ದನು, ಹಿಂದೆಗೆಯಬಲ್ಲವನಾಗಿರಲಿಲ್ಲ. ಈ ಕಥೆಯನ್ನು ನಾವು ಮೂವತ್ತು ವರ್ಷ ಪಾಠ ಹೇಳಿದ್ದೇವೆ. ಆಡಿದ ಮಾತೂ ಅಂತಹುದೇ ಎಂಬುದು ಆ ಅಂಗೈಯನ್ನು ನೋಡಿದ ಮೇಲೆ ತಿಳಿಯಿತು. ಶಿಷ್ಯರ ಎದುರಿನಲ್ಲಿಯೇ ಅವರ ಕ್ಷಮೆಯನ್ನು ಬೇಡಿದೆವು. ಹಿರಿಯಮ್ಮನವರು, “ಹೋಗಲಿ ಬಿಡಿ ಸ್ವಾಮಿ, ಕೈ ಉಳಿಯಿತಲ್ಲ” ಎಂದು ಮಜ್ಜಿಗೆ ತಂದಿಟ್ಟರು.

ಪೆಟ್ಟಿಗೆಯನ್ನು ಕದಲಿಸದೆ, ಮಕ್ಕಳನ್ನು ದೂರವಿರಿಸಿ, ಠಾಣೆಗೆ ತಿಳಿಸಿದೆವು. ಸಂಜೆಯೊಳಗೆ ಬಂದು ಪಟ್ಟಿಮಾಡಿ, ರಸೀದಿ ಕೊಟ್ಟು ಒಯ್ದರು. ವಾಚಕರ ಮನೆಯ ಅಟ್ಟದಲ್ಲಿಯೂ ಇಂತಹುದು ಸಿಕ್ಕಿದರೆ ತಾವೇ ತೆರೆಯದೆ, ಬಿಸಿಲಿಗೆ ಹಾಕದೆ, ಬಾವಿಗೆ ಎಸೆಯದೆ ಹೀಗೆಯೇ ಮಾಡಬೇಕಾಗಿ ನಮ್ಮ ಪ್ರಾರ್ಥನೆ.

ಹುಡುಗನ ಉತ್ಸಾಹವನ್ನು ಬರಿದೆ ಅಡಗಿಸುವುದು ನಮಗೆ ಸರಿತೋರಲಿಲ್ಲ. ಅವನ ಮಾವನೇ ದಾರಿ ತೋರಿಸಿದರು: ಹತ್ತು ಮೀಟರಿನ ಗಾಳಿರೈಫಲಿಗೆ ಮದ್ದೇ ಬೇಡ, ಅಭಿನವ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನದ ಪದಕವನ್ನು ಗೆದ್ದುದು ಅದರಿಂದಲೇ. ಉಸಿರು ಹಿಡಿಯುವುದು, ಬೆರಳನ್ನು ನಿಧಾನಿಸುವುದು, ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಎಲ್ಲವೂ ಅಲ್ಲಿಯೂ ಉಂಟು. ಗುರುವಿರುವ ಶಾಲೆಯಲ್ಲಿ ಕಲಿಯುವುದಾಗಿ ಹುಡುಗನು ಅಜ್ಜಿಗೆ ಮಾತು ಕೊಟ್ಟನು.

ಹೊರಡುವಾಗ ಕತ್ತಲಾಗಿತ್ತು. ಹಿತ್ತಿಲಲ್ಲಿ ಹಳೆಯ ತೋಟದ ಸೀಬೆಯ ಮರವೊಂದು ಉಳಿದಿದೆ. ಶಿಷ್ಯರು ಆ ಸುಟ್ಟ ಕೈಯಿಂದಲೇ ನಾಲ್ಕು ಹಣ್ಣು ಕಿತ್ತು ನಮ್ಮ ಚೀಲಕ್ಕೆ ಹಾಕಿದರು. ಹೊಸ ಮನೆಯ ನಕ್ಷೆಯಲ್ಲಿ ಆ ಮರಕ್ಕೆ ಎಡೆ ಬಿಟ್ಟಿರುವರಂತೆ.