ಒಂಬೈನೂರಕ್ಕೆ ನಮಗೆಷ್ಟು?

ಸಾಲ ತೀರಿಸದ ಜನ ನಾವು ಅಂತ ಊರು ಹೇಳುತ್ತಿತ್ತು. ಸಾಲ ಹೊರಿಸಿದವರು ಯಾರು ಅಂತ ಯಾರೂ ಕೇಳಲಿಲ್ಲ. ನಮ್ಮ ತಾತ ಮದುವೆಗೆ ತಂದ ಸಾಲಕ್ಕೆ ಜೀತಕ್ಕಿದ್ದರು. ಲೆಕ್ಕ ಬರೆಯುತ್ತಿದ್ದವನು ಧಣಿ, ಹೆಬ್ಬೆಟ್ಟು ಒತ್ತುತ್ತಿದ್ದವರು ತಾತ. ಎಷ್ಟು ತೀರಿತು, ಎಷ್ಟು ಉಳಿಯಿತು ಅಂತ ಆ ಪುಸ್ತಕ ನಮಗೆ ಯಾವತ್ತೂ ಹೇಳಲಿಲ್ಲ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಅದೇ ವರ್ಷ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆಯನ್ನೂ ತಂದಿತು. ತಾತ ಹೊರಗೆ ಬಂದರು. ಪುಸ್ತಕ ಮಾತ್ರ ಸಾಯಲಿಲ್ಲ. ಪಟ್ಟಣಕ್ಕೆ ಹೋಗಿ ಕಂಪ್ಯೂಟರ್ ಸೇರಿಕೊಂಡಿತು.

ಈಗ ಅದರ ಹೆಸರು ಸಿಬಿಲ್. 2000ದಲ್ಲಿ ಹುಟ್ಟಿದ ಕಂಪನಿ ಇದು. ಇಂಥ ಕಂಪನಿಗಳಿಗೆಂದೇ 2005ರಲ್ಲಿ ಕಾಯ್ದೆಯಾಯಿತು. ಸಾಲಗಾರನಿಗೆ ಇವರು 300ರಿಂದ 900ರವರೆಗೆ ಅಂಕ ಕೊಡುತ್ತಾರೆ. ಕಂತು ಹೊತ್ತಿಗೆ ಸರಿಯಾಗಿ ಕಟ್ಟಿದೆಯಾ? ಎಷ್ಟು ಸಾಲ ಹೊತ್ತಿದ್ದೀಯ? ಎಷ್ಟು ಕಡೆ ಸಾಲ ಕೇಳಿದೆ? ಇವೇ ಪ್ರಶ್ನೆಗಳು. ಮೇಲಿಂದ ಮೇಲೆ ನಾಲ್ಕು ಬ್ಯಾಂಕಿನ ಬಾಗಿಲು ತಟ್ಟಿದರೆ ತಟ್ಟಿದ್ದಕ್ಕೂ ಅಂಕ ಕಳೆಯುತ್ತಾರೆ! ಬ್ಯಾಂಕಿನ ಸಾಲವನ್ನೇ ಕಾಣದವನಿಗೆ ಅಲ್ಲಿ ಸಿಗುವುದು ಮೈನಸ್ 1. ನಮ್ಮ ಕೇರಿಯ ಎಷ್ಟೋ ಜನ ಸೊನ್ನೆಗಿಂತ ಕೆಳಗಿದ್ದಾರೆ.

ನಾವು ಫೈನಾನ್ಸಿನಲ್ಲಿ ಸಾಲ ಮಾಡಿ ಲಗೇಜ್ ಆಟೋ ತಗೊಂಡೆವು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂತು. ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಆಗಸ್ಟ್‌ವರೆಗೆ ಅವಕಾಶ ಕೊಟ್ಟಿತು. ಗಾಡಿ ನಿಂತಿತ್ತು, ಬಡ್ಡಿ ನಿಲ್ಲಲಿಲ್ಲ. ಆಮೇಲೆ ವಸೂಲಿ ಹುಡುಗರು ಕೇರಿಗೇ ಬಂದರು. "ಕಟ್ಟೋ ಯೋಗ್ಯತೆ ಇಲ್ದಿದ್ರೆ ಯಾಕ್ ತಗೊಂಡ್ರಿ?" ಅಂದರು. ಗಾಡಿ ಎಳೆದುಕೊಂಡು ಹೋದರು. ಉಳಿದದ್ದಕ್ಕೆ ಸೆಟಲ್‌ಮೆಂಟ್ ಅಂದರು. ಕೈಸಾಲ ಮಾಡಿ ಕಟ್ಟಿದೆವು. ಮುಗಿಯಿತು ಅಂತ ತಿಳಿದೆವು.

ಮೂರು ವರ್ಷದ ಮೇಲೆ ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಹೋದಾಗ ಮ್ಯಾನೇಜರು ಪರದೆ ನೋಡಿ, "541 ಇದೆ. ಆಗಲ್ಲ" ಅಂದರು. ಮನೆಗೆ ಬಂದು ಹೇಳಿದರೆ ಅವ್ವ ಕೇಳಿದಳು: "ಅದ್ಯಾವನ್ಲಾ ಸಿಬಿಲ್ಲು? ಅವನತ್ರ ನಾವೇನಾರ ಈಸ್ಕೊಂಡಿದ್ವಾ?"

ದೊಡ್ಡ ಕಂಪನಿ ಮುಳುಗಿದರೆ 2016ರ ದಿವಾಳಿ ಸಂಹಿತೆ ಇದೆ, ನ್ಯಾಯಮಂಡಳಿ ಇದೆ. ಬ್ಯಾಂಕುಗಳು ಬರಬೇಕಾದ ಹಣದಲ್ಲಿ ದೊಡ್ಡ ಪಾಲು ಬಿಟ್ಟುಕೊಡುತ್ತವೆ. ಅದಕ್ಕೆ ಹೇರ್‌ಕಟ್ ಅನ್ನುತ್ತಾರೆ, ಅಂದರೆ ಕ್ಷೌರ. ನಮ್ಮ ಹುಡುಗರ ತಲೆಗೆ ಕತ್ತರಿ ಹಾಕಲು ಒಪ್ಪದ ಅಂಗಡಿಗಳಿರುವ ನಾಡು ಇದು! ಆವತ್ತು ನಮ್ಮಂಥವರಿಗೆ ಇದ್ದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕೋರ್ಟಿಗೆ ಅಲೆಯಲು ಬಸ್‌ಚಾರ್ಜೂ ಇಲ್ಲದವನು ದಿವಾಳಿ ಅಂತ ಅನ್ನಿಸಿಕೊಳ್ಳುವುದು ಹೇಗೆ?

ಹೆಸರು ತಿದ್ದಿಸಲು ನಮಗೆ ಎರಡು ವರ್ಷ ಹಿಡಿಯಿತು. ಇಂಥ ಕಂಪನಿಗಳು ನಾಲ್ಕು ಇವೆ. ಒಂದೊಂದೂ ವರ್ಷಕ್ಕೊಮ್ಮೆ ಪುಕ್ಕಟೆ ವರದಿ ಕೊಡಬೇಕು ಅಂತ ನಿಯಮವಿದೆ. ನಮ್ಮ ಊರಿನ ಮೇಷ್ಟ್ರು ಮೊಬೈಲಿನಲ್ಲಿ ತೆಗೆದು ಓದಿ ಹೇಳಿದರು. ಹರಾಜಾದ ಗಾಡಿಯ ಮೇಲೆ ಇನ್ನೂ ಬಾಕಿ ತೋರಿಸುತ್ತಿತ್ತು! ತಕರಾರು ಹಾಕಿದೆವು. 30 ದಿನದೊಳಗೆ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮ ಬಂದಿದೆ. ತಪ್ಪು ತಿದ್ದಿತು. ಆದರೆ "ಸೆಟಲ್ಡ್" ಎಂಬ ಪದ ಕೂತೇ ಇತ್ತು. ಅದಿದ್ದರೆ ಪೂರಾ ಕಟ್ಟದವರು ಅಂತ ಅರ್ಥವಂತೆ. ಬಿಟ್ಟಿದ್ದ ಹಣವನ್ನೂ ಕೂಲಿ ಮಾಡಿ ಕಟ್ಟಿದೆವು. ಬಾಕಿ ಇಲ್ಲ ಅಂತ ಕಾಗದ ಬರೆಸಿಕೊಂಡೆವು. ಆಮೇಲೆ "ಕ್ಲೋಸ್ಡ್" ಆಯಿತು.

ಸಾಲ ಮುಗಿದರಷ್ಟೇ ಸಾಲದು, ಹೊಸದಾಗಿ ಸಾಲ ಮಾಡಿ ತೀರಿಸಿ ತೋರಿಸಬೇಕು. ಅವ್ವ ಕಿವಿಯ ಓಲೆ ಬಿಚ್ಚಿಕೊಟ್ಟಳು. ಅದನ್ನು ನಮ್ಮ ಹೆಸರಲ್ಲಿ ಬ್ಯಾಂಕಿನಲ್ಲಿ ಅಡವಿಟ್ಟು ಒಂದು ದಿನವೂ ತಪ್ಪದೆ ಕಟ್ಟಿ ಬಿಡಿಸಿದೆವು. ಅಂಕ ಈಗ 712. ಮಗಳ ಎರಡು ವರ್ಷ ಮಾತ್ರ ಯಾರೂ ವಾಪಸು ಕೊಡಲಿಲ್ಲ. ಆ ಎರಡು ವರ್ಷ ಅವಳು ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿದಳು. ಈ ವರ್ಷ ಕಾಲೇಜು ಸೇರಿದ್ದಾಳೆ.

ಈ ಅಂಕಿಗೆ ಜಾತಿ ಗೊತ್ತಿಲ್ಲ ಅನ್ನುತ್ತಾರೆ. ನಿಜ, ಜಾತಿಯ ಕಲಂ ಅದರಲ್ಲಿಲ್ಲ. ಆದರೆ ಅಡವಿಡಲು ಓಲೆಯೂ ಇಲ್ಲದವರು ಯಾರು? ಮನೆಬಾಡಿಗೆ, ಅಂಗಡಿ ಬಾಕಿ, ಚೀಟಿ ದುಡ್ಡು ಎಲ್ಲವನ್ನೂ ತಪ್ಪದೆ ಕಟ್ಟುವ ನಮ್ಮ ಹೆಂಗಸರ ನಿಯತ್ತು ಯಾವ ಪರದೆಯ ಮೇಲೆ ಬರುತ್ತದೆ? 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಮನೆ ಮುಂದೆ ಕೂತು ಬೈಯುವವನನ್ನು ಅದು ಎಬ್ಬಿಸಬಹುದು. ಪರದೆಯೊಳಗೆ ಕೂತವನನ್ನು ಎಬ್ಬಿಸುವವರು ಯಾರು?

ಗೆಳೆಯರೇ, ಮೇಷ್ಟ್ರುಗಳೇ, ತಾತನಿಗೆ ಪುಸ್ತಕ ಓದಲು ಬರುತ್ತಿರಲಿಲ್ಲ. ನಿಮಗೆ ಬರುತ್ತದೆ. ವಾರಕ್ಕೊಂದು ಸಂಜೆ ಕೇರಿಗೆ ಬನ್ನಿ. ಒಬ್ಬೊಬ್ಬರ ವರದಿ ತೆಗೆದು ಗಟ್ಟಿಯಾಗಿ ಓದಿ. ಸುಳ್ಳು ಲೆಕ್ಕ ಸಿಕ್ಕಲ್ಲೆಲ್ಲ ತಕರಾರು ಬರೆಯಿರಿ. ಹೆಬ್ಬೆಟ್ಟು ಒತ್ತುವ ಮೊದಲು ಲೆಕ್ಕ ಕೇಳುವುದನ್ನು ನಾವು ಕಲಿಯಬೇಕಾಗಿದೆ.