ಹಿಮದಾಗ ಕಲಿತ ಪಾಠ

ಜತ್ತ ತಾಲೂಕಿನವನೊಬ್ಬ ಹಿಮದ ಬಗ್ಗೆ ಬರೆಯುತ್ತಾನೆ ಅಂದರೆ ನೀವು ನಗತೀರಿ. ಮಳೆಯ ಮುಖವನ್ನೇ ಸರಿಯಾಗಿ ಕಾಣದ ಸೀಮೆ ನಮ್ಮದು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಮಂದಿ ನಾವು. ಆದರೂ ವಾಚನಾಲಯದ ಹುಡುಗರು, “ಗುರುಗಳ, ಕೆನಡಾಕ್ಕ ಹೋಗಿ ಬಂದೀರಿ, ಅಲ್ಲಿದೇನರೆ ಬರದು ಕೊಡ್ರಿ” ಎಂದು ಬೆನ್ನು ಹತ್ತಿದ್ದಾರೆ. ಅಲ್ಲಿಯ ರಸ್ತೆ, ಕಟ್ಟಡ ಎಲ್ಲ ನಿಮಗೆ ಮೊಬೈಲಿನಾಗೇ ಕಾಣತಾವ. ಅದಕ್ಕೆ ನಾನು ಅಲ್ಲಿ ವಿದ್ಯಾರ್ಥಿಯಾಗಿ ಕೂತ ಒಂದು ವರ್ಗದ ಬಗ್ಗೆ ಬರೆಯುತ್ತೇನೆ. ನಮ್ಮೂರಿಗೂ ಅದಕ್ಕೂ ಏನು ಸಂಬಂಧ ಅನ್ನುವುದು ಕಡೆಗೆ ತಿಳಿದೀತು.

2018ರ ಮೇ ತಿಂಗಳಲ್ಲಿ ನಾನು ನಿವೃತ್ತನಾದೆ. ಆ ವರ್ಷ ಡಿಸೆಂಬರಿನಲ್ಲಿ ಮಗ ನಮ್ಮಿಬ್ಬರನ್ನೂ ಕ್ಯಾಲ್ಗರಿಗೆ ಕರೆಸಿಕೊಂಡ. ಹೋದ ಮೇಲೆ ಗೊತ್ತಾಯಿತು, ಅವನು ಗೆಳೆಯನೊಬ್ಬನಿಂದ ಹಳೆಯ ಸ್ನೋಮೊಬೈಲ್ ಕೊಂಡಿದ್ದ. ಅದಕ್ಕೆ ಗಾಲಿ ಇಲ್ಲ. ಮುಂದೆ ಎರಡು ಸ್ಕೀ ಪಟ್ಟಿ, ಹಿಂದೆ ಅಗಲವಾದ ರಬ್ಬರಿನ ಪಟ್ಟಾ. ತೂಕ ಎರಡು ಕ್ವಿಂಟಲ್‌ಗಿಂತ ಹೆಚ್ಚು. ರಸ್ತೆಯೇ ಇಲ್ಲದ ಬೆಟ್ಟದ ಹಿಮದ ಮೇಲೆ ಅದನ್ನು ಓಡಿಸುತ್ತಾರೆ. ಕಡಿದಾದ ಇಳಿಜಾರನ್ನು ಯಾರು ಎಷ್ಟು ಎತ್ತರ ಏರಿ ತಿರುಗಿ ಬರುತ್ತಾರೆ ಎಂದು ಪೈಪೋಟಿಯೂ ನಡೆಯುತ್ತದೆ.

ನಮ್ಮ ಮನ್ಯಾಕಿ ಮೊದಲ ದಿನವೇ ಅಳುಮುಖ ಮಾಡಿದಳು. “ಸಿಯಾಚಿನ್‌ದಾಗ ಹನುಮಂತಪ್ಪಗ ಆದಂಗ ಆದ್ರ ಏನ್ ಮಾಡ್ತಿ?” ಅಂದಳು. ನಮ್ಮ ಕಡೆ ಹಿಮಕುಸಿತ ಅಂದರೆ ನೆನಪಾಗುವುದು ಅದೇ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 3ರಂದು ಹಿಮದಡಿ ಸಿಕ್ಕು, ಆರು ದಿನದ ಮೇಲೆ ಜೀವಂತ ಸಿಕ್ಕರು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಜೊತೆಗಿದ್ದ ಒಂಬತ್ತು ಮಂದಿ ಸೈನಿಕರು ಹಿಮದಲ್ಲೇ ಹೋದರು.

ಮಗ ತಾಯಿಯ ಕೈ ಹಿಡಿದು, “ಅವ್ವಾ, ಕಲೀದೆ ಹೋಗಂಗಿಲ್ಲ. ಮುಂದಿನ ಶನಿವಾರ, ರವಿವಾರ ವರ್ಗ ಅದ. ಅಪ್ಪಾ, ನೀವೂ ಬರ್ರಿ, ಏನ್ ಕಲಸ್ತಾರ ನೋಡ್ರಿ” ಅಂದ. ಮೂವತ್ತಾರು ವರ್ಷ ಕಲಿಸಿದವನಿಗೆ ಅಷ್ಟು ಕರೆ ಸಾಕಾಯಿತು. ಮೂರು ತಾಸು ಕಾರಿನಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫರ್ನಿ ಎಂಬ ಬೆಟ್ಟದ ಊರಿಗೆ ಹೋದೆವು.

ಕಲಿಸಿದಾಕೆ ನಲವತ್ತರ ಆಸುಪಾಸಿನ ಹೆಣ್ಣುಮಗಳು. ಅರ್ಧ ನನಗೆ ತಿಳಿಯಿತು, ಅರ್ಧ ಮಗ ಕಿವಿಯಲ್ಲಿ ಹೇಳಿದ. ಹಿಮ ಕುಸಿಯುವುದು ಗೋಡೆಯಂತೆ ನೆಟ್ಟಗಿನ ಬೆಟ್ಟದಲ್ಲಲ್ಲ, ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ನೋಮೊಬೈಲ್ ಏರಲು ಆಸೆ ಹುಟ್ಟಿಸುವ ಇಳಿಜಾರಿನಲ್ಲೇ. ಚಳಿಗಾಲದ ಹಿಮ ಒಂದೇ ಗಟ್ಟಿಯಲ್ಲ, ಪದರು ಪದರು. ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಹರಳಾಗುತ್ತದೆ, ಅದರ ಮೇಲೆ ಹೊಸ ಹಿಮ ಬಿದ್ದು ಗಟ್ಟಿಯಾಗುತ್ತದೆ. ನಮ್ಮಲ್ಲಿ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವ ಮಾಡಿದರೆ ಒಂದು ದಿನ ಹಾಳೆ ಹಾಳೆಯಾಗಿ ಕಳಚಿ ಬೀಳುತ್ತದಲ್ಲ, ಹಾಗೆ. ನಡುವಿನ ಪದರು ಹಿಡಿತ ಬಿಟ್ಟರೆ ಇಡೀ ಇಳಿಜಾರೇ ಕಳಚಿಕೊಳ್ಳುತ್ತದೆ.

ಆಕೆ ಹೇಳಿದ ಒಂದು ಮಾತಿಗೆ ನಾನು ನೆಟ್ಟಗೆ ಕೂತೆ. ಹಿಮಕುಸಿತದಲ್ಲಿ ಸಾಯುವ ಹತ್ತರಲ್ಲಿ ಒಂಬತ್ತು ಸಲ ಆ ಹಿಮವನ್ನು ಕೆಡವಿದವರು ಅವರೇ, ಇಲ್ಲವೆ ಅವರ ಜೊತೆಗಾರರು. ನಾವು ದೈವದ ಮೇಲೆ ಹಾಕುವ ಲೆಕ್ಕ ಅವರಲ್ಲಿ ಮನುಷ್ಯನ ಖಾತೆಗೇ ಬರುತ್ತದೆ.

ಮುಂಚೆಯೇ ಸುಳಿವು ಸಿಗುತ್ತವಂತೆ. ಹತ್ತಿರದ ಇಳಿಜಾರಿನಲ್ಲಿ ಆಗಲೇ ಕುಸಿದ ಗುರುತು, ಕಾಲಿಟ್ಟಲ್ಲಿಂದ ಓಡುವ ಬಿರುಕು, ಒಳಗೆ ಟೊಳ್ಳು ಕುಸಿದಂತೆ ‘ಧುಂ’ ಎನ್ನುವ ಸಪ್ಪಳ, ಹಿಂದಿನ ದಿನದ ಜೋರು ಹಿಮ ಅಥವಾ ಗಾಳಿ, ಒಮ್ಮೆಲೆ ಏರುವ ಬಿಸಿಲು. ಆದರೆ ಎಂಜಿನ್ ಸದ್ದಿನಲ್ಲಿ, ಹೆಲ್ಮೆಟ್ಟಿನೊಳಗೆ ‘ಧುಂ’ ಎಲ್ಲಿ ಕೇಳಬೇಕು? ಅದಕ್ಕೆ ನಡುನಡುವೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಇಳಿದು ಹಿಮ ತುಳಿದು ನೋಡಬೇಕು. ಅವಲಾಂಚ್ ಕೆನಡಾ ಎಂಬ ಸಂಸ್ಥೆ ಚಳಿಗಾಲದಲ್ಲಿ ದಿನವೂ ಮುನ್ಸೂಚನೆ ಕೊಡುತ್ತದೆ. ಅಪಾಯಕ್ಕೆ ಐದು ಹಂತ. ಮಂದಿ ಬಹಳ ಸಾಯುವುದು ಐದನೆಯದರಲ್ಲಲ್ಲ, ಮೂರನೆಯದರಲ್ಲಿ. ‘ನಡುವಿನದಲ್ಲ, ನಡೀತದ ಬಿಡು’ ಎಂದು ಹೋಗುತ್ತಾರೆ.

ಪ್ರತಿಯೊಬ್ಬರ ಮೈಮೇಲೆ ಮೂರು ಸಾಮಾನು ಇರಲೇಬೇಕು. ಸಂಕೇತ ಕಳಿಸುವ, ಹುಡುಕುವ ಬೀಕನ್ ಎಂಬ ಯಂತ್ರ, ಮಡಚಿಡುವ ಉದ್ದನೆಯ ಸಲಾಕೆ, ಲೋಹದ ಸಲಿಕೆ. ಗಾಡಿಗೆ ಕಟ್ಟಿದರೆ ಗಾಡಿಯ ಜೊತೆ ಅವೂ ಹೋದವು. ಎಳೆದರೆ ಉಬ್ಬುವ ಗಾಳಿಚೀಲವನ್ನೂ ಬಹಳ ಮಂದಿ ಬೆನ್ನಿಗೆ ಹಾಕುತ್ತಾರೆ, ಅದು ಮನುಷ್ಯನನ್ನು ಹಿಮದ ಮೇಲ್ಭಾಗಕ್ಕೆ ತರುತ್ತದೆ.

ಇನ್ನು ಹೊತ್ತಿನ ಲೆಕ್ಕ. ಹಿಮದಡಿ ಸಿಕ್ಕವನನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ತಾಸು ದಾಟಿದರೆ ಮೂವರಲ್ಲಿ ಒಬ್ಬ. ಹನುಮಂತಪ್ಪನವರ ಆರು ದಿನ ಸಾವಿರಕ್ಕೊಂದು ಮಾತು. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ಬದುಕಿಸಿದರೆ ಪಕ್ಕದಲ್ಲಿದ್ದ ಗೆಳೆಯರೇ ಬದುಕಿಸಬೇಕು.

ಮಧ್ಯಾಹ್ನ ಬಯಲಿನಲ್ಲಿ ಒಂದು ಚೀಲದಲ್ಲಿ ಬೀಕನ್ ಇಟ್ಟು ಹೂತು ಹುಡುಕಲು ಹಚ್ಚಿದರು. ನನಗೂ ಒಂದು ಯಂತ್ರ ಕೊಟ್ಟರು. ಬಾಣದ ಗುರುತು ನೆಟ್ಟಗೆ ಒಯ್ಯುವುದಿಲ್ಲ, ಬಳಸಿ ಬಳಸಿ ಒಯ್ಯುತ್ತದೆ. ಅಂಕಿ ಇಳಿದಂತೆ ಹತ್ತಿರ ಬಂದೆ ಅಂತ ಲೆಕ್ಕ. ಸಮೀಪಕ್ಕೆ ಬಂದಾಗ ಯಂತ್ರವನ್ನು ಹಿಮದ ಮಟ್ಟಕ್ಕೆ ಹಿಡಿದು, ಎಲ್ಲಕ್ಕಿಂತ ಸಣ್ಣ ಅಂಕಿ ಸಿಕ್ಕಲ್ಲಿ ಸಲಾಕೆ ಚುಚ್ಚಬೇಕು. ತಾಗಿದರೆ ಸಲಾಕೆ ಕೀಳದೆ, ಮೇಲಿಂದ ಅಗೆಯದೆ, ಇಳಿಜಾರಿನ ಕೆಳಬದಿಯಿಂದ ಅಡ್ಡ ಅಗೆಯುತ್ತ ಹೋಗಬೇಕು. ನನಗೆ ಹದಿನಾಲ್ಕು ನಿಮಿಷ ಹಿಡಿಯಿತು. ಆಕೆ ಏನೂ ಅನ್ನಲಿಲ್ಲ, ಗಡಿಯಾರ ತೋರಿಸಿದಳು. ದಂಡೆಗೆ ನಿಂತು ನಗುತ್ತಿದ್ದ ನಮ್ಮ ಮನ್ಯಾಕಿ ನಗು ನಿಲ್ಲಿಸಿದಳು.

ಸಂಜೆ ಕಡೆಯ ಪಾಠ. ಫರ್ನಿಯ ಹತ್ತಿರದ ಹಾರ್ವೀ ಪಾಸ್‌ನಲ್ಲಿ ಸರಿಯಾಗಿ ಹತ್ತು ವರ್ಷದ ಹಿಂದೆ, 2008ರ ಡಿಸೆಂಬರ್ 28ರಂದು ನಡೆದದ್ದು. ಪಕ್ಕದ ಸ್ಪಾರ್ವುಡ್ ಊರಿನ ಹನ್ನೊಂದು ಮಂದಿ ಎರಡು ಗುಂಪಾಗಿ ಸ್ನೋಮೊಬೈಲ್ ಮೇಲೆ ಹೋಗಿದ್ದರು. ಮೊದಲ ಗುಂಪಿನ ಮೇಲೆ ಹಿಮ ಕುಸಿಯಿತು. ಇನ್ನೊಂದು ಗುಂಪಿನವರು ಗೆಳೆಯರನ್ನು ಅಗೆದು ತೆಗೆಯಲು ಓಡಿ ಬಂದರು. ಅಗೆಯುತ್ತಿದ್ದವರ ಮೇಲೆ ಎರಡನೆಯ ಸಲ ಕುಸಿಯಿತು. ಎಂಟು ಮಂದಿ ಸತ್ತರು. ಉಳಿದ ಮೂವರು ಇನ್ನೂ ಹಿಮ ಕುಸಿದೀತು ಎಂಬ ಭಯದಲ್ಲಿ, ಗೆಳೆಯರನ್ನು ಅಲ್ಲೇ ಬಿಟ್ಟು ನಡೆದು ಬರಬೇಕಾಯಿತು. ಆ ಚಳಿಗಾಲದಲ್ಲಿ ಆ ಪ್ರಾಂತ್ಯದಲ್ಲಿ ಹಿಮಕುಸಿತಕ್ಕೆ ಸಿಕ್ಕು 24 ಮಂದಿ ಸತ್ತರು, ಅದರಲ್ಲಿ 19 ಮಂದಿ ಸ್ನೋಮೊಬೈಲಿನವರು.

ಆಕೆ ಹಲಗೆಯ ಮೇಲೆ ಬರೆದಳು. ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬನೇ. ಉಳಿದವರು ಹಿಮ ಬಂದು ಮುಟ್ಟದ ಕಡೆ ನಿಂತು ಅವನನ್ನೇ ನೋಡುತ್ತಿರಬೇಕು. ಅವನ ಗಾಡಿ ಹೂತರೆ ಜಗ್ಗಲು ಎರಡನೆಯವ ಹೋಗಬಾರದು. ಕುಸಿತವಾದರೆ ಮೊದಲ ಕೆಲಸ ಓಡುವುದಲ್ಲ, ನಿಂತು ಮೇಲೆ ನೋಡುವುದು. ಇನ್ನೊಂದು ಬಂದೀತೇ? ಎಷ್ಟು ಮಂದಿ ಕಾಣುತ್ತಿಲ್ಲ? ಮುಂದಾಳು ಯಾರು? ಅದಾದ ಮೇಲೆ ಬೀಕನ್ನು.

ನನಗೆ ಕೂತಲ್ಲಿ ಬೆವರು ಬಂತು. ಮಗ, “ಯಾಕ್ರಿ ಅಪ್ಪಾ?” ಅಂದ. ಆಗ ಏನೂ ಹೇಳಲಿಲ್ಲ. ರಾತ್ರಿ ಹೋಟೆಲಿನ ಖೋಲಿಯಲ್ಲಿ ಹೇಳಿದೆ. ಮೂವತ್ನಾಲ್ಕು ವರ್ಷ ಅವನಿಗೆ ಹೇಳದ ಮಾತು.

1984ರ ಬೇಸಿಗೆ. ಬಾವಿಯ ನೀರು ತಳ ಕಂಡಿತ್ತು. ಎಂಜಿನ್ ಮೇಲಿಟ್ಟರೆ ಅಷ್ಟು ಆಳದ ನೀರು ಎಳೆಯದು. ಅದಕ್ಕೆ ಬಾಜೂ ಹೊಲದ ಅಣ್ಣತಮ್ಮಂದಿರು ಡೀಸೆಲ್ ಎಂಜಿನ್ ಅನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿದ್ದರು. ಮುಂಜಾನೆಯಿಂದ ಓಡಿದ ಎಂಜಿನ್ ಬಂದ್ ಬಿತ್ತು. ದೊಡ್ಡವನು ನೋಡಲು ಇಳಿದ. ಬಗ್ಗಿದವನು ಏಳಲಿಲ್ಲ. ಸಣ್ಣವನು “ಅಣ್ಣಾ” ಎಂದು ಒದರಿ ಇಳಿದ, ಅವನೂ ಕುಸಿದ. ಮೂರನೆಯವ ನಾನು. ನಾಲ್ಕು ಮೆಟ್ಟಿಲು ಇಳಿದಿದ್ದೆ. ಹಿಂದಿನಿಂದ ನಮ್ಮ ಸೋದರಮಾಮ ಅಂಗಿ ಹಿಡಿದು ಜಗ್ಗಿದ. “ಬಿಡು ಮಾಮಾ” ಎಂದು ಅವನ ಎದೆಗೆ ಗುದ್ದಿದೆ. ಅವನು ಬಿಡಲಿಲ್ಲ. “ನೀ ಇಳದ್ರ ಮೂರು ಹೆಣ ಆಗ್ತಾವೋ” ಅಂದ. ಹಗ್ಗ ತಂದು, ಕೊಂಡಿ ಹಾಕಿ ಇಬ್ಬರನ್ನೂ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಹುಡುಗರ ತಾಯಿ ಇರುವ ತನಕ ನಾನು ಆ ಓಣಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಆಕೆ ಒಂದು ಮಾತೂ ಅನ್ನಲಿಲ್ಲ, ಆದರೂ ‘ನೀ ಅಲ್ಲೇ ನಿಂತಿದ್ದಿ’ ಅಂದಂತೆ ನನಗೆ ಕೇಳುತ್ತಿತ್ತು. ಮಾಮಾನ ಜೊತೆ ಎಷ್ಟೋ ವರ್ಷ ಬಾಯಿತುಂಬ ಮಾತಾಡಲಿಲ್ಲ. ಅವನು ಅಂಜುಬುರುಕ, ನನ್ನನ್ನೂ ಅಂಜುಬುರುಕನನ್ನಾಗಿ ಮಾಡಿದ ಎಂದೇ ತಿಳಿದಿದ್ದೆ. ಹಿಮದಿಂದ ನಡೆದು ಬಂದ ಆ ಮೂವರ ಸುದ್ದಿ ಕೇಳಿದಾಗ ಮೊದಲ ಸಲ ಅನಿಸಿತು: ಅವರೂ ದಿನಾ ಇದನ್ನೇ ಹೊತ್ತು ತಿರುಗುತ್ತಿರಬೇಕು. ಅವರನ್ನು ಯಾರೂ ಹೇಡಿ ಅನ್ನಲಾರರು. ಹಾಗಾದರೆ ಮಾಮಾನನ್ನು ನಾನು ಹೇಗೆ ಅಂದೆ?

ಮಗ ಬಹಳ ಹೊತ್ತು ಸುಮ್ಮನೆ ಕೂತಿದ್ದು, “ನೀವು ನಾಕು ಮೆಟ್ಟಿಲಾ ಇಳದಿದ್ರಿ, ಅಪ್ಪಾ” ಎಂದಷ್ಟೇ ಅಂದ.

ರವಿವಾರ ಅವರನ್ನು ಬೆಟ್ಟಕ್ಕೆ ಒಯ್ದರು. ಹಿಮದಲ್ಲಿ ಕಂಬದಂತೆ ಕಡಿದು, ಮೇಲೆ ಸಲಿಕೆಯಿಟ್ಟು ಬಡಿದು ನೋಡುತ್ತಾರೆ. ಮುಂಗೈಯಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಎಷ್ಟನೆಯ ಪೆಟ್ಟಿಗೆ, ಯಾವ ಪದರು ಜಾರಿತು ಎಂದು ಬರೆದುಕೊಳ್ಳುತ್ತಾರೆ. ಜಾರಿದರೆ ಅಪಾಯ ಖರೆ. ಜಾರದಿದ್ದರೆ ಇಡೀ ಬೆಟ್ಟ ಸುರಕ್ಷಿತ ಎಂದಲ್ಲ. ನಾಲ್ಕು ಗಂಟೆಗೆ ಬರಬೇಕಾದ ಮಗ ಒಂದಕ್ಕೇ ಬಂದ. “ಹನ್ನೆರಡನೇ ಪೆಟ್ಟಿಗೇ ಜಾರಿತ್ರಿ. ಏರೂದು ಬ್ಯಾಡಂತ ಎಲ್ಲಾರೂ ಕೂಡಿ ತಿರಿಗಿ ಬಂದಿವಿ” ಅಂದ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ನಾನು ಅವನಿಗೆ ಗಾಡಿ ಮಾರು ಎಂದು ಹೇಳಲು ಯೋಚಿಸಿಕೊಂಡಿದ್ದ ಮಾತು ಅಲ್ಲಿಗೇ ಬಿಟ್ಟೆ.

ಮಾಮಾ ತೀರಿಕೊಂಡು ಬಹಳ ವರ್ಷವಾಯಿತು. ಅವನಿಗೆ ಹೇಳಬೇಕಾದದ್ದನ್ನು ಈಗ ನಿಮಗೆ ಹೇಳುತ್ತೇನೆ. ನಮ್ಮೂರಲ್ಲಿ ಇನ್ನೂ ಬಾವಿಗಳಿವೆ, ಬೇಸಿಗೆಯಲ್ಲಿ ಹೂಳು ತೆಗೆಯಲು ಇಳಿಯುವವರಿದ್ದಾರೆ. ಎಂಜಿನ್ ಬಾವಿಯೊಳಗ ಹಚ್ಚಬ್ಯಾಡ್ರಿ. ಕಂದೀಲು ಇಳಿಸಿ ನೋಡುವುದು ಹಿರಿಯರ ಪದ್ಧತಿ. ಅದು ಆರಿದರೆ ಇಳಿಯಲೇಬಾರದು. ಆದರೆ ಎಂಜಿನ್ ಹೊಗೆಯ ವಿಷ ಕಂದೀಲನ್ನು ಆರಿಸದು, ಅದು ಉರಿದರೂ ನಂಬಬ್ಯಾಡ್ರಿ. ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಎಳೆಯಲು ನಾಲ್ಕು ಮಂದಿ ಇಲ್ಲದೆ ಯಾರೂ ಇಳಿಯಬ್ಯಾಡ್ರಿ. ಇಳಿದಾಂವ ಬಿದ್ದರೆ ಹಗ್ಗದಿಂದ ಎಳೀರಿ, 112ಕ್ಕೆ ಫೋನ್ ಹಚ್ಚರಿ, ಹಿಂದ ಹಿಂದ ಇಳಿಯಬ್ಯಾಡ್ರಿ. ಇಳಿಯಲು ಹೋದವನ ಅಂಗಿ ಹಿಡಿದು ಜಗ್ಗರಿ. ಅವನು ಗುದ್ದಿದರೂ ಬಿಡಬ್ಯಾಡ್ರಿ.